2013–14ರ ಐ-ಲೀಗ್: ಬೆಂಗಳೂರು ಗೆದ್ದಿದ್ದು ದುಡ್ಡಿನಿಂದಲಾ, ತಯಾರಿಯಿಂದಲಾ?

ಮೆಟ್ಟಿಲು_ಸೀಟು

2025ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್, ದೇಶದ ದೊಡ್ಡ ಫುಟ್‌ಬಾಲ್ ಲೀಗ್) ತಡೆಹಿಡಿದಿದ್ದರು. ಯಾವಾಗ ಶುರು ಅಂತ ಕೇಳಿದರೆ ಆಗ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನೋಡೋಕೆ ಮ್ಯಾಚ್ ಇಲ್ಲದ ಆ ಹೊತ್ತಿನಲ್ಲಿ ಹಳೇ ಸೀಸನ್ ಒಂದು ನೆನಪಾಯಿತು, ಅದನ್ನೇ ಕೆದಕೋಣ.

ನಾನು ಎತ್ತುತ್ತಿರುವುದು 2013–14ರ ಐ-ಲೀಗ್. ಆಗ ದೇಶದ ಮೊದಲ ದರ್ಜೆಯ ಲೀಗ್ ಅದೇ. ಐಎಸ್‌ಎಲ್ ಇನ್ನೂ ಕಾಗದದ ಮೇಲಿತ್ತು. 13 ತಂಡ, ಒಂದೊಂದಕ್ಕೂ 24 ಮ್ಯಾಚ್. ಪ್ಲೇ-ಆಫ್ ಇಲ್ಲ, ಫೈನಲ್ ಇಲ್ಲ. ಜಾಸ್ತಿ ಪಾಯಿಂಟ್ ಯಾರದೋ ಅವರೇ ಚಾಂಪಿಯನ್. 2013ರ ಜುಲೈನಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಸೆಪ್ಟೆಂಬರ್ 22ಕ್ಕೆ ಮೊದಲ ಮ್ಯಾಚ್ ಆಡಿತು. 2014ರ ಏಪ್ರಿಲ್ 21ಕ್ಕೆ ಮಡಗಾಂವ್‌ನ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 4–2ರಲ್ಲಿ ಸೋಲಿಸಿ ಕಪ್ ಖಾತ್ರಿ ಮಾಡಿಕೊಂಡಿತು. ಆಗ ಇನ್ನೂ ಒಂದು ಮ್ಯಾಚ್ ಬಾಕಿ ಇತ್ತು! ಕೊನೆಗೆ 47 ಪಾಯಿಂಟ್. ಎರಡನೇ ಸ್ಥಾನದ ಈಸ್ಟ್ ಬೆಂಗಾಲ್‌ಗೆ 43.

ಈ ಸೀಸನ್ ಬಗ್ಗೆ ಯಾರ ಹತ್ತಿರ ಮಾತೆತ್ತಿದರೂ ಒಂದೇ ರಾಗ. ‘ತಂಡದ ಮಾಲೀಕ ಕಂಪನಿ ಜೆಎಸ್‌ಡಬ್ಲ್ಯು ದುಡ್ಡು ಸುರಿಯಿತು, ಗೆದ್ದರು.’ ನಾನು ಒಪ್ಪಲ್ಲ. ದುಡ್ಡಿತ್ತು, ನಿಜ. ಆದರೆ ಆ ಲೀಗ್‌ನಲ್ಲಿ ದುಡ್ಡಿದ್ದದ್ದು ಇವರೊಬ್ಬರ ಹತ್ತಿರ ಅಲ್ಲ. ಬೇರೆ ತಂಡಗಳು ತಲೆ ಕೆಡಿಸಿಕೊಳ್ಳದ ಕೆಲಸಗಳನ್ನು ಇವರು ಕೂತು ಮಾಡಿದರು. ಊಟ, ನಿದ್ದೆ, ಓಟ, ಕಾರ್ನರ್, ಫ್ರೀ ಕಿಕ್. ಹೆಸರಿಲ್ಲದ ತಂಡದ ಎದುರೂ ಮೋಹನ್ ಬಗಾನ್ ಎದುರು ಆಡಿದಷ್ಟೇ ಓಡಿದರು. 24 ಮ್ಯಾಚ್‌ನಲ್ಲಿ 14 ಗೆಲುವು, 5 ಡ್ರಾ, 5 ಸೋಲು. ಇದು ಲಾಟರಿ ಹೊಡೆದ ತಂಡದ ಲೆಕ್ಕ ಅಲ್ಲ.

ನಿಮಗೆ ಏನನ್ನಿಸುತ್ತೆ?

ಗೌತಮಪುರ_10

ಗುರು, ಗೆದ್ದಿದ್ದಕ್ಕೆ ನನ್ನ ತಕರಾರಿಲ್ಲ. ಒಳಗೆ ಬಂದ ದಾರಿ ಬಗ್ಗೆ ಇದೆ. ಎರಡನೇ ಡಿವಿಷನ್ ಆಡಲಿಲ್ಲ, ಬಡ್ತಿ ಪಡೆಯಲಿಲ್ಲ. ದೇಶದ ಫುಟ್‌ಬಾಲ್ ಫೆಡರೇಷನ್ ಕಂಪನಿಗಳಿಂದ ಬಿಡ್ ಕರೆಯಿತು, ಜೆಎಸ್‌ಡಬ್ಲ್ಯು ಬೆಂಗಳೂರು ತಗೊಂಡಿತು, ನೇರವಾಗಿ ಮೇಲಿನ ಲೀಗ್. ಅದೇ ವರ್ಷ ಕೋಲ್ಕತಾದ ಮೊಹಮ್ಮಡನ್, ಶಿಲ್ಲಾಂಗ್‌ನ ರಾಂಗ್ದಾಜೀದ್ ಎರಡೂ ಕೆಳಗಿನ ಡಿವಿಷನ್‌ನಲ್ಲಿ ಬೆವರು ಹರಿಸಿ ಮೇಲೆ ಬಂದಿದ್ದವು.

ಇನ್ನೊಂದು ಮಾತು ಕೇಳಿದರೆ ಮೈ ಉರಿಯುತ್ತೆ. ‘ಬೆಂಗಳೂರಿಗೆ ಫುಟ್‌ಬಾಲ್ ತಂದವರು ಬಿಎಫ್‌ಸಿ’ ಅಂತೆ. ನಮ್ಮ ಗೌತಮಪುರಕ್ಕೆ ಒಮ್ಮೆ ಬನ್ನಿ. ರಸ್ತೆಯಲ್ಲಿ ಪೆಲೆ ಪ್ರತಿಮೆ ನಿಂತಿದೆ. ಬೆಂಗಳೂರು ಮುಸ್ಲಿಮ್ಸ್ ತಂಡ 1937, 1938ರಲ್ಲಿ ಸತತ ಎರಡು ಸಲ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತ ಹೊಡೆದ ಒಂದೇ ಗೋಲು ನಮ್ಮ ಸಾರಂಗಪಾಣಿ ರಾಮನ್ ಅವರದು. ಈಸ್ಟ್ ಬೆಂಗಾಲ್‌ನ ‘ಪಂಚ ಪಾಂಡವ’ರಲ್ಲಿ, ಅಂದರೆ ಮುಂದಿನ ಸಾಲಿನ ಐವರಲ್ಲಿ, ಒಬ್ಬರಾದ ಅಹ್ಮದ್ ಖಾನ್ ಈ ಊರಿನವರೇ. ಕಾರ್ಲ್‌ಟನ್ ಚಾಪ್‌ಮನ್ ಇಲ್ಲಿಯ ಹುಡುಗ. ರಾಷ್ಟ್ರೀಯ ಲೀಗ್‌ನ ಮೊದಲ ಸೀಸನ್ ಗೆದ್ದ ಜೆಸಿಟಿಯಲ್ಲಿ ಆಡಿದವರು. ಇಷ್ಟೆಲ್ಲ ಆದಮೇಲೆ 2013ರಲ್ಲಿ ಯಾರೋ ಬಂದು ಚೆಂಡು ತೋರಿಸಿದರಂತೆ!

ಮೆಟ್ಟಿಲು_ಸೀಟು

ಅಣ್ಣ, ‘ತಂದವರು’ ಅಂತ ನಾನೆಲ್ಲಿ ಹೇಳಿದೆ? ಆದರೆ ನೀವು ಹೇಳಿದ ಹೆಸರುಗಳನ್ನೇ ನೋಡಿ. ಅಹ್ಮದ್ ಖಾನ್ ಹೆಸರು ಮಾಡಿದ್ದು ಕೋಲ್ಕತಾದಲ್ಲಿ. ಚಾಪ್‌ಮನ್ ಕೋಲ್ಕತಾ, ಪಂಜಾಬ್‌ನಲ್ಲಿ. ಆಟಗಾರರು ಇಲ್ಲಿ ಬೆಳೆದು ಅಲ್ಲಿಗೆ ಹೋಗುತ್ತಿದ್ದರು. 2013ರಲ್ಲಿ ಗಾಡಿ ಉಲ್ಟಾ ತಿರುಗಿತು. ದೇಶದ ಕ್ಯಾಪ್ಟನ್ ಸುನಿಲ್ ಚೆಟ್ರಿ ಬೆಂಗಳೂರಿಗೆ ಬಂದು ನಿಂತ. ಈಸ್ಟ್ ಬೆಂಗಾಲ್ ಬಿಟ್ಟು ರಾಬಿನ್ ಸಿಂಗ್ ಬಂದ. ಅದು ಸಣ್ಣ ವಿಷಯಾನಾ?

ಹಳೇ_ಎಚ್‌ಎಎಲ್

ಎಲ್ಲರಿಗೂ ನಮಸ್ಕಾರ. ಇಬ್ಬರೂ ಒಂದು ತಂಡವನ್ನು ಮರೆತಿರಿ. ಬಿಎಫ್‌ಸಿಗೂ ಮುಂಚೆ ಬೆಂಗಳೂರಿನಿಂದ ಐ-ಲೀಗ್ ಆಡಿದ್ದು ಎಚ್‌ಎಎಲ್. 2011–12ರ ಕೊನೆಗೆ ಕೆಳಗಿಳಿಯಿತು. ನಾನು ಆ ಮ್ಯಾಚ್‌ಗಳಿಗೆ ಹೋಗುತ್ತಿದ್ದೆ. ಗ್ಯಾಲರಿಯಲ್ಲಿ ಕೂತವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಕೋಚ್ ಕೂಗಿದ್ದು ಮೇಲಿನ ಸಾಲಿಗೂ ಕೇಳಿಸುತ್ತಿತ್ತು.

ಅದು ಇಲಾಖಾ ತಂಡಗಳ ಕಾಲ. ಎಚ್‌ಎಎಲ್, ಐಟಿಐ, ಏರ್ ಇಂಡಿಯಾ, ಒಎನ್‌ಜಿಸಿ. ಹುಡುಗ ಚೆನ್ನಾಗಿ ಆಡಿದರೆ ನೌಕರಿ. ಆಟ ನಿಂತ ಮೇಲೂ ಸಂಬಳ, ಪಿಎಫ್, ಪಿಂಚಣಿ. ಆಸ್ಟಿನ್ ಟೌನ್, ಹಲಸೂರು ಕಡೆಯ ಎಷ್ಟೋ ಮನೆಗಳ ಒಲೆ ಉರಿದದ್ದು ಹೀಗೆ. ಈ ತಂಡಗಳು ಕಪ್ ಗೆಲ್ಲೋಕೆ ಹುಟ್ಟಿದ್ದಲ್ಲ.

ಆಮೇಲೆ ಏಷ್ಯಾ ಒಕ್ಕೂಟದ ಕ್ಲಬ್ ಪರವಾನಗಿ ನಿಯಮ ಬಂತು. ಕ್ಲಬ್ ಅಂದರೆ ಸ್ವಂತ ಸಂಸ್ಥೆ ಆಗಿರಬೇಕು, ಕಿರಿಯರ ತಂಡ ಇರಬೇಕು, ಲೆಕ್ಕಪತ್ರ ತೋರಿಸಬೇಕು. ಇಲಾಖೆಗಳಿಗೆ ಇದು ಆಗದ ಮಾತು. 2013–14ಕ್ಕೆ ಏರ್ ಇಂಡಿಯಾ, ಒಎನ್‌ಜಿಸಿ ಎರಡೂ ಇರಲಿಲ್ಲ. ಫೆಡರೇಷನ್‌ನ ಯುವಕರ ತಂಡ ಆ್ಯರೋಸ್ ಕೂಡ ಮುಚ್ಚಿತ್ತು. ಅದಕ್ಕೂ ಮುಂಚೆ ಮಹೀಂದ್ರಾ ಯುನೈಟೆಡ್, ಜೆಸಿಟಿ ಬಾಗಿಲು ಹಾಕಿದ್ದವು. ಖಾಲಿಯಾದ ಜಾಗ ತುಂಬಲು ಫೆಡರೇಷನ್‌ಗೆ ಕಂಪನಿಗಳು ಬೇಕಿದ್ದವು. ಆದ್ದರಿಂದ ಗೌತಮಪುರದ ತಮ್ಮ ಕೇಳಿದ ಪ್ರಶ್ನೆ ಸರಿ, ಆದರೆ ಉತ್ತರ ಬಿಎಫ್‌ಸಿ ಹತ್ತಿರ ಇಲ್ಲ. ಬಾಗಿಲು ತೆಗೆದವರು ಬೇರೆ.

ಕೋಲ್ಕತಾ_ಕನ್ನಡಿಗ

ನಾನು ಇಲ್ಲಿ ಸಾಲ್ಟ್ ಲೇಕ್ ಪಕ್ಕದಲ್ಲೇ ಇರುವವನು. ಆಫೀಸಿನಲ್ಲಿ ಸುತ್ತಲೂ ಈಸ್ಟ್ ಬೆಂಗಾಲ್ ಜನ. ಅವರ ವಾದವನ್ನೂ ಸ್ವಲ್ಪ ಕೇಳಿಸಿಕೊಳ್ಳಿ.

2013ರ ಅಕ್ಟೋಬರ್‌ನಲ್ಲಿ ಈಸ್ಟ್ ಬೆಂಗಾಲ್ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಸೆಮಿಫೈನಲ್ ಆಡುತ್ತಿತ್ತು, ಕುವೈತ್ ಎಸ್‌ಸಿ ಎದುರು. ಲೀಗ್ ಒಂದು ಕಡೆ, ಏಷ್ಯಾ ಇನ್ನೊಂದು ಕಡೆ. ಬ್ರೆಜಿಲ್‌ನ ಕೋಚ್ ಮಾರ್ಕೋಸ್ ಫಲೋಪಾ ಸೀಸನ್ ಅರ್ಧಕ್ಕೂ ಮುಂಚೆ ಬಿಟ್ಟು ಹೋದರು. ಆಮೇಲೆ ಬಂದವರು ಅರ್ಮಾಂಡೊ ಕೊಲಾಸೊ. ಡೆಂಪೊಗೆ ಐದು ಸಲ ರಾಷ್ಟ್ರೀಯ ಲೀಗ್ ಗೆಲ್ಲಿಸಿದ ಮನುಷ್ಯ. ಅವರು ಬಂದ ಮೇಲೆ ತಂಡ ಎದ್ದು ನಿಂತಿತು. 43 ಪಾಯಿಂಟ್ ಅಂದರೆ ಕಳಪೆ ಅಲ್ಲ. ಕೊಲಾಸೊ ಮೊದಲ ದಿನದಿಂದ ಇದ್ದಿದ್ದರೆ ಕಪ್ ಎಲ್ಲಿ ಹೋಗುತ್ತಿತ್ತೋ ಅಂತ ಇಲ್ಲಿಯವರು ಇವತ್ತಿಗೂ ಚಹಾ ಕುಡಿಯುತ್ತಾ ಹೇಳುತ್ತಾರೆ.

ದುಡ್ಡಿನ ಮಾತಿಗೆ ಬಂದರೆ ಒಂದು ತಮಾಷೆ ಇದೆ. ಆಗ ಈಸ್ಟ್ ಬೆಂಗಾಲ್ ಜೆರ್ಸಿ ಮೇಲೆ ಕಿಂಗ್‌ಫಿಷರ್, ಮೋಹನ್ ಬಗಾನ್ ಜೆರ್ಸಿ ಮೇಲೆ ಮ್ಯಾಕ್‌ಡೊವೆಲ್. ಎರಡೂ ಯುಬಿ ಗುಂಪಿನವು. ಯುಬಿ ಎಲ್ಲಿಯದು? ಬೆಂಗಳೂರಿನದೇ! ವರ್ಷಗಟ್ಟಲೆ ಬೆಂಗಳೂರಿನ ದುಡ್ಡು ಕೋಲ್ಕತಾದ ಎರಡೂ ದೊಡ್ಡ ತಂಡಗಳನ್ನು ಸಾಕಿತ್ತು. ಆಗ ಯಾರೂ ಬೆಂಗಳೂರಿನವರನ್ನು ‘ದುಡ್ಡಿನವರು’ ಅನ್ನಲಿಲ್ಲ.

ಸಂಡೂರು_ಸ್ಟ್ರೈಕರ್

ಹಾಗಾದರೆ ನಮ್ಮ ಕಡೆಯದೂ ಒಂದು ಮಾತು. ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆ ಇರುವುದು ತೋರಣಗಲ್ಲಿನಲ್ಲಿ. ಅಲ್ಲಿಯ ಕೆಂಪು ಧೂಳು ನಮ್ಮ ಮನೆ ಕಿಟಕಿ ಮೇಲೂ ಬೀಳುತ್ತದೆ. 2013ರಲ್ಲಿ ನಾವು ಕೇಳುತ್ತಿದ್ದೆವು: ದುಡಿಮೆ ಬಳ್ಳಾರಿಯಲ್ಲಿ, ಆಟ ಬೆಂಗಳೂರಿನಲ್ಲಿ, ಇದ್ಯಾವ ನ್ಯಾಯ ರೀ? ಆಮೇಲೆ ತೋರಣಗಲ್ಲಿನ ಹತ್ತಿರ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಬಂತು, 2018ರಲ್ಲಿ. ಬಿಎಫ್‌ಸಿಯ ವಸತಿ ಅಕಾಡೆಮಿಯೂ ಈ ಕಡೆಗೇ ಬಂತು. ಸ್ವಲ್ಪ ಸಮಾಧಾನ. ಪೂರ್ತಿ ಅಲ್ಲ.

ಹೊಸಬ_2021

ನಾನು ಬಿಎಫ್‌ಸಿ ನೋಡಲು ಶುರು ಮಾಡಿದ್ದು ತಡವಾಗಿ. ಎರಡು ಪ್ರಶ್ನೆ. ಕೋಚ್ ಆಶ್ಲಿ ವೆಸ್ಟ್‌ವುಡ್ ಅಂದ್ರೆ ಬರ್ನ್ಲಿಯಲ್ಲಿ ಆಡುತ್ತಿದ್ದ ಆ ಮಿಡ್‌ಫೀಲ್ಡರ್ರಾ? ಮತ್ತೆ ಮೊದಲ ಗೋಲು ರೂನಿ ಹೊಡೆದದ್ದು ಅಂತಾರಲ್ಲ, ಯಾವ ರೂನಿ?

ಮೆಟ್ಟಿಲು_ಸೀಟು

ಹ್ಹಹ್ಹ, ಆಗಲೂ ಇದೇ ಗೊಂದಲ. ಎರಡಕ್ಕೂ ಉತ್ತರ ‘ಅವರಲ್ಲ’.

ನಮ್ಮ ವೆಸ್ಟ್‌ವುಡ್ ಡಿಫೆಂಡರ್ ಆಗಿದ್ದವರು. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದರು. ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್ ವೆನ್ಸ್‌ಡೇ ಅಂತ ಸುತ್ತಾಡಿ ಆಡಿದರು. ಬ್ಲ್ಯಾಕ್‌ಬರ್ನ್‌ನಲ್ಲಿ ಸಹಾಯಕ ಕೋಚ್ ಆಗಿದ್ದವರು ಇಲ್ಲಿಗೆ ಬಂದರು. ರೂನಿ ಅಂದರೆ ಆಸ್ಟ್ರೇಲಿಯಾದ ಶಾನ್ ರೂನಿ. ಆಗ ನಾಲ್ಕು ವಿದೇಶಿಯರಿಗೆ ಅವಕಾಶ, ಅದರಲ್ಲಿ ಒಬ್ಬ ಏಷ್ಯಾ ಒಕ್ಕೂಟದವನಾಗಿರಬೇಕು. ಆಸ್ಟ್ರೇಲಿಯಾ ಏಷ್ಯಾ ಒಕ್ಕೂಟದಲ್ಲೇ ಇರುವುದರಿಂದ ಆ ಜಾಗಕ್ಕೆ ರೂನಿ. ಉಳಿದ ಮೂವರು: ಡಿಫೆನ್ಸ್‌ನಲ್ಲಿ ಇಂಗ್ಲೆಂಡಿನ ಜಾನ್ ಜಾನ್ಸನ್, ಕೆನ್ಯಾದ ಕರ್ಟಿಸ್ ಒಸಾನೊ. ಮಿಡ್‌ಫೀಲ್ಡ್‌ನಲ್ಲಿ ಲೈಬೀರಿಯಾದ ಜಾನಿ ಮೆನ್ಯೊಂಗರ್.

ಇಲ್ಲೇ ನನ್ನ ವಾದ ಇರೋದು. ಆಗಿನ ರೂಢಿ ಏನು? ವಿದೇಶಿ ದುಡ್ಡೆಲ್ಲ ಮುಂದಿನ ಸಾಲಿಗೆ. ದೊಡ್ಡ ಹೆಸರಿನ ಸ್ಟ್ರೈಕರ್ ತಂದರೆ ಪೇಪರಿನಲ್ಲಿ ಫೋಟೊ ಬರುತ್ತೆ, ಜನ ಬರುತ್ತಾರೆ. ಬಗಾನ್‌ನಲ್ಲಿ ಒಡಾಫಾ ಒಕೋಲಿ ಇದ್ದ ಕಾಲ. ಬಿಎಫ್‌ಸಿ ಇಬ್ಬರು ವಿದೇಶಿಯರನ್ನು ಸೆಂಟರ್ ಬ್ಯಾಕ್ ಜಾಗದಲ್ಲಿ ನಿಲ್ಲಿಸಿತು. ಗೋಲು ಹೊಡೆಯುವ ಭಾರವನ್ನು ಚೆಟ್ರಿ, ರಾಬಿನ್ ಸಿಂಗ್ ಹೆಗಲಿಗೂ ಹಾಕಿತು. ಭಾರತದ ಸ್ಟ್ರೈಕರ್ ಮೇಲೆ ಅಷ್ಟು ನಂಬಿಕೆ ಇಟ್ಟವರು ಆಗ ಕಡಿಮೆ. ಚೆಟ್ರಿ 14 ಗೋಲು ಹೊಡೆದ. ಸಾಲ್ಗಾವ್ಕರ್‌ನ ಡ್ಯಾರಿಲ್ ಡಫಿ, ಶಿಲ್ಲಾಂಗ್ ಲಾಜೊಂಗ್‌ನ ಕಾರ್ನೆಲ್ ಗ್ಲೆನ್ ಅವರದೂ ಅಷ್ಟೇ. ಮೂವರೂ ಲೀಗ್‌ನ ಮೇಲಿನ ಸ್ಥಾನ ಹಂಚಿಕೊಂಡರು.

ಮಂಗ್ಳೂರ್_ವಿಂಗರ್

ಚೆಟ್ರಿ ಬಗ್ಗೆ ಒಂದು ವಿಷಯ ಸೇರಿಸಿ ಮಾರಾಯ್ರೆ. ಹಿಂದಿನ ವರ್ಷ, ಅಂದರೆ 2012–13ರಲ್ಲಿ, ಅವನು ಪೋರ್ಚುಗಲ್‌ನ ಸ್ಪೋರ್ಟಿಂಗ್ ಬಿ ತಂಡದಿಂದ ಎರವಲು ಆಟಗಾರನಾಗಿ (ಲೋನ್) ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಬಂದಿದ್ದ. ಚರ್ಚಿಲ್ ಲೀಗ್ ಗೆದ್ದಿತು. ಅವನು ಬೆಂಗಳೂರಿಗೆ ಬಂದ, ಬೆಂಗಳೂರು ಗೆದ್ದಿತು. ಸತತ ಎರಡು ವರ್ಷ, ಎರಡು ಬೇರೆ ತಂಡ. ಚರ್ಚಿಲ್ ಕಥೆ ನೋಡಿದರೆ ಪಾಪ ಅನಿಸುತ್ತೆ. ಹಾಲಿ ಚಾಂಪಿಯನ್ ಆಗಿ ಸೀಸನ್ ಶುರು ಮಾಡಿ ಲೀಗ್‌ನಲ್ಲಿ ತಳದ ಸಾಲಿನಲ್ಲಿ ಒದ್ದಾಡಿತು. ಮಧ್ಯೆ 2014ರ ಜನವರಿಯಲ್ಲಿ ಕೊಚ್ಚಿಯಲ್ಲಿ ಫೆಡರೇಷನ್ ಕಪ್ ಮಾತ್ರ ಎತ್ತಿಕೊಂಡು ಹೋಯಿತು. ಹೇಗೆ ಅಂತ ಕೇಳಬೇಡಿ.

ಫತೋರ್ಡಾ ಮ್ಯಾಚ್‌ಗೆ ನಾನು ಹೋಗಿದ್ದೆ. ನಮಗೆ ಬೆಂಗಳೂರಿಗಿಂತ ಮಡಗಾಂವ್ ಹತ್ತಿರ, ಕೊಂಕಣ ರೈಲು ಹತ್ತಿದರೆ ಆಯಿತು. ಹಿಂದಿನ ದಿನ ಈಸ್ಟರ್. ಊರಿಡೀ ಇನ್ನೂ ಹಬ್ಬದ ಗುಂಗಿನಲ್ಲಿತ್ತು, ಅಂಗಡಿ ಅರ್ಧ ಬಾಗಿಲು. ಬೆಂಗಳೂರಿನಿಂದ ಬಂದಿದ್ದ ನೀಲಿ ಜೆರ್ಸಿ ಹುಡುಗರು ಒಂದು ಮೂಲೆಯಲ್ಲಿ ಸೇರಿದ್ದರು. ರಾತ್ರಿ ಬಸ್ಸಿನಲ್ಲಿ ಬಂದ ಕಣ್ಣುಗಳು. ನಾಲ್ಕು ದಿನ ಮುಂಚೆ, 17ಕ್ಕೆ, ನಮ್ಮಲ್ಲಿ ಲೋಕಸಭೆ ಮತದಾನ ಆಗಿತ್ತಲ್ಲ? ಗೋಲು ಬಿದ್ದಾಗ ಮೇಲೆದ್ದ ಕೈಗಳಲ್ಲೆಲ್ಲ ಎಡಗೈ ತೋರುಬೆರಳಿನ ಶಾಯಿ ಕಾಣುತ್ತಿತ್ತು. ಗೋವಾದವನೊಬ್ಬ ನಮ್ಮ ಬೆರಳು ನೋಡಿ ‘ನಮ್ಮದೂ ಆಗಿದೆ’ ಅಂತ ತನ್ನದನ್ನು ತೋರಿಸಿದ.

ಡೆಂಪೊ ಅಂದರೆ ಐದು ಸಲದ ರಾಷ್ಟ್ರೀಯ ಚಾಂಪಿಯನ್. ಅವರ ಊರಲ್ಲಿ, ಅವರೆದುರೇ ನಾಲ್ಕು ಗೋಲು ಹೊಡೆದು ಕಪ್ ಗೆಲ್ಲುವುದು ಅಂದರೆ ಸುಮ್ನೆ ಮಾತಲ್ಲ. ಮ್ಯಾಚ್ ಮುಗಿದ ಮೇಲೆ ಗೋವಾದವರು ಚಪ್ಪಾಳೆ ತಟ್ಟಿದರು. ಅದು ನನಗೆ ಕಪ್‌ಗಿಂತ ಹೆಚ್ಚು ಇಷ್ಟವಾಯಿತು.

ಗೌತಮಪುರ_10

ಫಿಟ್‌ನೆಸ್ ಫಿಟ್‌ನೆಸ್ ಅಂತೀರಲ್ಲ, ಅದೇ ದುಡ್ಡು ತಾನೇ? ಜಿಮ್, ಫಿಸಿಯೊ, ಐಸ್ ಬಾತ್, ಊಟದ ಪಟ್ಟಿ. ನಮ್ಮೂರಿನ ಲೀಗ್ ಆದ ಸೂಪರ್ ಡಿವಿಷನ್‌ನ ಹುಡುಗ ಬೆಳಿಗ್ಗೆ ಪ್ರಾಕ್ಟೀಸ್ ಮುಗಿಸಿ ಬ್ರೆಡ್ಡು ಮೊಟ್ಟೆ ತಿಂದು ಕೆಲಸಕ್ಕೆ ಓಡುತ್ತಾನೆ. ಅವನಿಗೂ ವೆಸ್ಟ್‌ವುಡ್ ಕೊಡಿ, ಅವನೂ 90 ನಿಮಿಷ ಓಡುತ್ತಾನೆ.

ಇನ್ನೊಂದು. ಚಾಂಪಿಯನ್ ತಂಡದಲ್ಲಿ ಬೆಂಗಳೂರಿನ ಹುಡುಗರು ಎಷ್ಟು ಮಂದಿ? ಶಂಕರ್ ಸಂಪಂಗಿರಾಜ್ ಇದ್ದ, ಸರಿ. ಇನ್ನೆಷ್ಟು ಹೆಸರು ಹೇಳ್ತೀರ? ಥೋಯ್ ಸಿಂಗ್ ಮಣಿಪುರ, ಬೆಯ್‌ಖೊಖೇಯ್ ಮಿಜೋರಾಂ, ರಿನೊ ಆಂಟೊ ಕೇರಳ. ಅವರೆಲ್ಲ ಒಳ್ಳೆ ಆಟಗಾರರೇ. ಆದರೆ ‘ನಮ್ಮ ತಂಡ’ ಅಂತ ಕೂಗುವಾಗ ನನಗೆ ಗಂಟಲು ಹಿಡಿಯುತ್ತದೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ 54 ವರ್ಷದ ಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಮೇಘಾಲಯ ಎದುರು 3–2? ನನಗೆ ಅದು ಈ ಐ-ಲೀಗ್‌ಗಿಂತ ದೊಡ್ಡದು. ಯಾವ ಗ್ಯಾಲರಿಯಲ್ಲಿ ಎಷ್ಟು ಡ್ರಮ್ ಬಡಿದರು ಆವತ್ತು?

ಹಳೇ_ಎಚ್‌ಎಎಲ್

ಸಂತೋಷ್ ಟ್ರೋಫಿ ವಿಷಯದಲ್ಲಿ ನನ್ನ ಓಟು ನಿಮಗೆ. ಆದರೆ ಫಿಟ್‌ನೆಸ್ ಬಗ್ಗೆ ಅಷ್ಟು ಸಲೀಸಾಗಿ ತಳ್ಳಿಹಾಕಬೇಡಿ. ದುಡ್ಡಿದ್ದ ತಂಡಗಳೆಲ್ಲ ಅದನ್ನು ಮಾಡಲಿಲ್ಲವಲ್ಲ? ಕೋಲ್ಕತಾದಲ್ಲಿ ದುಡ್ಡಿತ್ತು. ಗೋವಾದಲ್ಲಿ ದೊಡ್ಡ ವ್ಯಾಪಾರದ ಮನೆತನಗಳೇ ಕ್ಲಬ್ ನಡೆಸುತ್ತಿದ್ದವು. ಪುಣೆ ಎಫ್‌ಸಿ ಆಡಳಿತ ಎಲ್ಲರೂ ಮೆಚ್ಚುವಂತಿತ್ತು. ಆಟ ನೋಡಿದವರಿಗೆ ಗೊತ್ತು, 70ನೇ ನಿಮಿಷ ದಾಟಿದ ಮೇಲೆ ನಮ್ಮ ಭಾರತೀಯ ತಂಡಗಳ ನಡುವೆ ಅಂತರ ತೆರೆದುಕೊಳ್ಳುತ್ತಿತ್ತು. ಮಿಡ್‌ಫೀಲ್ಡ್ ಒಂದು ಕಡೆ, ಡಿಫೆನ್ಸ್ ಇನ್ನೊಂದು ಕಡೆ. ಬಿಎಫ್‌ಸಿ ಆ ಹೊತ್ತಿನಲ್ಲೂ ಸಾಲು ಬಿಡುತ್ತಿರಲಿಲ್ಲ. ಒಬ್ಬ ಚೆಂಡಿಗೆ ನುಗ್ಗಿದರೆ ಹಿಂದೆ ಇನ್ನೊಬ್ಬ ಇರುತ್ತಿದ್ದ.

ನಾನು ಗಮನಿಸಿದ ಒಂದು ಸಂಗತಿ ಹೇಳುತ್ತೇನೆ. ಕಾರ್ನರ್ ಸಿಕ್ಕಿತು ಅನ್ನಿ. ರಾಬಿನ್ ಸಿಂಗ್ ಎತ್ತರದ ಆಳು, ಡಿಫೆಂಡರ್‌ಗಳೆಲ್ಲ ಅವನನ್ನೇ ಹಿಡಿಯುತ್ತಿದ್ದರು. ಅವನು ಹತ್ತಿರದ ಕಂಬದ ಕಡೆ ಓಡಿ ಇಬ್ಬರನ್ನು ಎಳೆದುಕೊಂಡು ಹೋಗುತ್ತಿದ್ದ. ಹಿಂದಿನಿಂದ ಜಾನ್ಸನ್ ಬರುತ್ತಿದ್ದ. ಗೋಲಾಗಲಿ ಆಗದಿರಲಿ, ಓಟ ಅದೇ. ಅದನ್ನು ಮೈದಾನದಲ್ಲಿ ದಿನಾ ಮಾಡಿ ಮಾಡಿ ರೂಢಿಸಿಕೊಂಡಿದ್ದರು ಅಂತ ನೋಡಿದರೇ ತಿಳಿಯುತ್ತಿತ್ತು. ಅದಕ್ಕೆ ಬೇಕಾದದ್ದು ಚೆಂಡು, ಮೈದಾನ, ತಾಳ್ಮೆ.

ಕೋಲ್ಕತಾ_ಕನ್ನಡಿಗ

ಆದರೂ ಒಂದು ಅನುಮಾನ. ಅಶೋಕನಗರದ ಕೃತಕ ಹುಲ್ಲು? ಅಲ್ಲಿ ಚೆಂಡು ಪುಟಿಯುವ ವೇಗ ಬೇರೆ. ಮನೆ ಮೈದಾನದ ಲಾಭ ಬಿಎಫ್‌ಸಿಗೆ ಜಾಸ್ತಿ ಸಿಕ್ಕಿತು ಅಂತ ಇಲ್ಲಿ ಹೇಳುತ್ತಾರೆ.

ಮೆಟ್ಟಿಲು_ಸೀಟು

ಆ ವಾದ ನಿಲ್ಲಲ್ಲ ಸರ್. ನಿಮ್ಮ ಸಾಲ್ಟ್ ಲೇಕ್‌ನಲ್ಲೇ ಆಗ ಕೃತಕ ಹುಲ್ಲು. ಶಿಲ್ಲಾಂಗ್‌ನಲ್ಲೂ ಅದೇ.

ಲಾಭ ಇದ್ದದ್ದು ಹುಲ್ಲಿನಿಂದ ಅಲ್ಲ, ಗ್ಯಾಲರಿಯಿಂದ. ಮ್ಯಾಗ್ರಾತ್ ರಸ್ತೆ ಪಕ್ಕದ ಆ ಸ್ಟೇಡಿಯಂ ಚಿಕ್ಕದು, 8,000 ಚಿಲ್ಲರೆ ಜನ ಹಿಡಿಯುತ್ತೆ. ಸುತ್ತ ಓಟದ ಟ್ರ್ಯಾಕ್ ಇಲ್ಲ. ಥ್ರೋ ತಗೊಳ್ಳಲು ಬಂದ ಎದುರಾಳಿಯ ಬೆನ್ನಿನ ಬೆವರು ಕಾಣುವಷ್ಟು ಹತ್ತಿರ. ಮೊದಲ ಮ್ಯಾಚ್ ಬಗಾನ್ ಎದುರು, ಭಾನುವಾರ. ಊರಿನಲ್ಲಿರುವ ಬಂಗಾಳಿಗಳೆಲ್ಲ ಹಸಿರು-ಕೆಂಗಂದು ಬಣ್ಣ ಹಾಕಿಕೊಂಡು ಬಂದಿದ್ದರು. ನಮ್ಮ ಕಡೆ ಹಾಡು ಇನ್ನೂ ಯಾರಿಗೂ ಬಾಯಿಪಾಠ ಆಗಿರಲಿಲ್ಲ. ಒಬ್ಬ ಶುರು ಮಾಡಿದರೆ ಎರಡನೇ ಸಾಲಿಗೆ ಸುಸ್ತು. ರೂನಿ ಗೋಲು ಹೊಡೆದಾಗ ಹಾಡು ಬೇಕಾಗಲಿಲ್ಲ ಬಿಡಿ. ಕೊನೆ ಹೊತ್ತಿಗೆ ಸಬೀತ್ ಸಮ ಮಾಡಿದ, 1–1. ಆದರೂ ಯಾರೂ ಬೇಜಾರಿನಲ್ಲಿ ಮನೆಗೆ ಹೋಗಲಿಲ್ಲ. ಮುಂದಿನ ವಾರ ರಾಂಗ್ದಾಜೀದ್ ಎದುರು 3–0. ಅಲ್ಲಿಂದ ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನೋ ನಮ್ಮ ಅಭಿಮಾನಿಗಳ ಬಳಗ ಬೆಳೆಯಿತು. ತೊಂಬತ್ತು ನಿಮಿಷ ನಿಂತೇ ನೋಡುವ ಅಭ್ಯಾಸ ಅಲ್ಲಿ ಶುರುವಾದದ್ದು.

ಮುಂದಿನ ಸೀಸನ್‌ಗೆ ಕಂಠೀರವಕ್ಕೆ ಹೋದೆವು. ಜನ ಮೂರು ಪಟ್ಟು ಹಿಡಿಯುತ್ತೆ, ಒಪ್ಪಿಕೊಳ್ಳೋಣ. ಆದರೆ ಮಧ್ಯದಲ್ಲಿ ಆ ಟ್ರ್ಯಾಕ್ ಬಂತು. ಆಟಗಾರ ಚಿಕ್ಕವನಾಗಿ ಕಾಣತೊಡಗಿದ.

ಹೊಸಬ_2021

ಕಂಠೀರವದ ಮೊದಲ ಸೀಸನ್‌ನಲ್ಲೇ ಅಲ್ವಾ ಬಗಾನ್ ಎದುರಿನ ಆ ಕೊನೆ ಮ್ಯಾಚ್?

ಮಂಗ್ಳೂರ್_ವಿಂಗರ್

ಅಯ್ಯೋ, ಅದನ್ನು ನೆನಪಿಸಬೇಡಿ. 2015ರ ಮೇ 31. ಲೀಗ್‌ನ ಕೊನೆಯ ಮ್ಯಾಚ್, ಚಾಂಪಿಯನ್ ಪಟ್ಟ ಅದರ ಮೇಲೆ. ನಮಗೆ ಗೆಲುವೇ ಬೇಕು, ಬಗಾನ್‌ಗೆ ಡ್ರಾ ಸಾಕು. ಮೊದಲ ಅರ್ಧದಲ್ಲಿ ಜಾನ್ಸನ್ ಗೋಲು. 87ನೇ ನಿಮಿಷದಲ್ಲಿ ಕಾರ್ನರ್, ಬೆಲ್ಲೊ ರಝಾಕ್ ತಲೆ ಕೊಟ್ಟ. 1–1. ಬಗಾನ್ 39, ನಾವು 37. ಸೆಟ್ ಪೀಸ್‌ನಲ್ಲಿ (ಕಾರ್ನರ್, ಫ್ರೀ ಕಿಕ್ ಥರದ್ದು) ಹೆಸರು ಮಾಡಿದ ತಂಡ ಸೆಟ್ ಪೀಸ್‌ನಲ್ಲೇ ಹೋಯಿತು. ಮುಂದಿನ ವರ್ಷ ಸೇಡು ತೀರಿಸಿಕೊಂಡರು, 2015–16ರ ಕಪ್ ನಮ್ಮದೇ. ಆದರೆ ಈ ಚರ್ಚೆ ಅದಕ್ಕಲ್ಲ.

ಕೋಲ್ಕತಾ_ಕನ್ನಡಿಗ

ಆ ರಾತ್ರಿ ಇಲ್ಲಿ ಪಟಾಕಿ ನಿಂತದ್ದು ಬೆಳಗಿನ ಜಾವ. ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದೆ.

ಹಳೇ_ಎಚ್‌ಎಎಲ್

2013–14ಕ್ಕೇ ವಾಪಸ್ ಬರೋಣ. ನೀವೆಲ್ಲ ಗೆದ್ದವರ ಮಾತಾಡಿದಿರಿ. ಆ ಟೇಬಲ್‌ನ ಉಳಿದ ಹೆಸರು ಒಮ್ಮೆ ಓದಿ.

ಮುಂದಿನ ಸೀಸನ್ ಶುರುವಾಗುವ ಹೊತ್ತಿಗೆ ಚರ್ಚಿಲ್, ಕೋಲ್ಕತಾದ ಯುನೈಟೆಡ್, ರಾಂಗ್ದಾಜೀದ್, ಮೊಹಮ್ಮಡನ್ ನಾಲ್ಕೂ ಪಟ್ಟಿಯಲ್ಲಿ ಇರಲಿಲ್ಲ. ಕೆಲವರು ಆಟದಲ್ಲಿ ಸೋತು ಹೋದರು, ಕೆಲವರು ಪರವಾನಗಿಯಲ್ಲಿ. 2015ರಲ್ಲಿ ಡೆಂಪೊ ಕೆಳಗಿಳಿಯಿತು. ಅದೇ ಡೆಂಪೊ, ಐದು ಸಲದ ಚಾಂಪಿಯನ್! ಅದೇ ವರ್ಷ ಪುಣೆ ಎಫ್‌ಸಿ ಮುಚ್ಚಿತು. 2016ರಲ್ಲಿ ಗೋವಾದ ಮೂರು ತಂಡಗಳು, ಡೆಂಪೊ, ಸಾಲ್ಗಾವ್ಕರ್, ಸ್ಪೋರ್ಟಿಂಗ್, ರಾಷ್ಟ್ರೀಯ ಲೀಗ್ ಸಹವಾಸವೇ ಬೇಡ ಅಂತ ಹೊರಬಂದವು. ಮುಂಬೈ ಎಫ್‌ಸಿ ಕಥೆಯೂ 2017ಕ್ಕೆ ಮುಗಿಯಿತು. ಆ 13ರಲ್ಲಿ 2024–25ರ ಐಎಸ್‌ಎಲ್ ಆಡಿದ್ದು ನಾಲ್ಕೇ. ಮೂರು ಕೋಲ್ಕತಾದವು, ಒಂದು ನಮ್ಮದು.

ಐಎಸ್‌ಎಲ್ ಶುರುವಾದದ್ದು 2014ರ ಅಕ್ಟೋಬರ್‌ನಲ್ಲಿ. ಅದರ ನೆರಳು ಆಗಲೇ ಬಿದ್ದಿತ್ತು. ಹಳೇ ಕ್ಲಬ್‌ಗಳು ಆಟಗಾರರನ್ನು ಬಿಟ್ಟುಕೊಡಲ್ಲ ಅಂತ ಹಟ ಹಿಡಿದಿದ್ದವು. ಐಎಸ್‌ಎಲ್‌ಗೆ ಸಹಿ ಹಾಕಿದ್ದ ಸುಬ್ರತಾ ಪಾಲ್, ಗೌರಮಾಂಗಿ ಸಿಂಗ್ ಥರದವರು ಆಡಲು ಜಾಗವಿಲ್ಲದೆ ಕೊನೆಗೆ ರಾಂಗ್ದಾಜೀದ್‌ಗೆ ಹೋಗಬೇಕಾಯಿತು. ಸುಬ್ರತಾ ಅಂದರೆ ರಾಷ್ಟ್ರೀಯ ತಂಡದ ಗೋಲ್‌ಕೀಪರ್!

ನನಗೆ ಅನಿಸುವುದು ಇಷ್ಟು. ಬೆಂಗಳೂರು ಗೆದ್ದದ್ದು ಒಳ್ಳೆ ಲೀಗ್ ಒಂದನ್ನು. ಆದರೆ ಆ ಲೀಗ್‌ನ ಗೋಡೆ ಆಗಲೇ ಬಿರುಕು ಬಿಟ್ಟಿತ್ತು. ಗೆದ್ದ ಖುಷಿಯಲ್ಲಿ ನಾವು ಮೇಲೆ ನೋಡಲಿಲ್ಲ.

ಮೆಟ್ಟಿಲು_ಸೀಟು

ಸರ್, ಇದನ್ನು ಒಪ್ಪುತ್ತೇನೆ. ಆದರೆ ಅದರಿಂದ ಆ 47 ಪಾಯಿಂಟ್ ಹಗುರ ಆಗಲ್ಲ. ಆ ವರ್ಷ ಬಗಾನ್ ಇತ್ತು, ಈಸ್ಟ್ ಬೆಂಗಾಲ್ ಇತ್ತು, ಗೋವಾದ ನಾಲ್ಕು ತಂಡವೂ ಇದ್ದವು. ಶಿಲ್ಲಾಂಗ್‌ಗೆ ಎರಡು ಸಲ ಹೋಗಿ ಬರಬೇಕಿತ್ತು. ಅಷ್ಟು ಹಳೇ ಹೆಸರುಗಳನ್ನು ಒಂದೇ ಟೇಬಲ್‌ನಲ್ಲಿ ಆಮೇಲೆ ಯಾವ ಚಾಂಪಿಯನ್ನೂ ಎದುರಿಸಿಲ್ಲ. ಅದಕ್ಕೇ ನಾನು 2018–19ರ ಐಎಸ್‌ಎಲ್ ಕಪ್‌ಗಿಂತ ಇದನ್ನು ಮೇಲೆ ಇಡೋದು. ಮುಂಬೈ ಫೈನಲ್‌ನಲ್ಲಿ 117ನೇ ನಿಮಿಷಕ್ಕೆ ರಾಹುಲ್ ಭೇಕೆ ಹೊಡೆದ ಹೆಡರ್‌ಗೆ ನಾನೂ ಕುಣಿದಿದ್ದೇನೆ. ಆದರೆ ಅದು ಒಂದು ರಾತ್ರಿ. ಇದು ಏಳು ತಿಂಗಳು.

ಸಂಡೂರು_ಸ್ಟ್ರೈಕರ್

ಚೆಟ್ರಿ ಲೆಕ್ಕ ನೋಡಿದಿರಾ? 2013–14ರಲ್ಲಿ 14 ಗೋಲು. 2024–25ರ ಐಎಸ್‌ಎಲ್‌ನಲ್ಲಿ, ಪ್ಲೇ-ಆಫ್ ಸೇರಿಸಿ, ಮತ್ತೆ 14. ನಲವತ್ತು ವಯಸ್ಸಿಗೆ! ಅದೇ ಊರು, ಅದೇ ತಂಡ. ವೆಸ್ಟ್‌ವುಡ್ ಹಾಕಿಕೊಟ್ಟ ಊಟದ ಪಟ್ಟಿ ಇನ್ನೂ ಪಾಲಿಸುತ್ತಿರಬೇಕು.

ಗೌತಮಪುರ_10

ಚೆಟ್ರಿಗೆ ನಾನು ಯಾವತ್ತೂ ಕೈ ಮುಗಿಯುತ್ತೇನೆ. ಅಲ್ಲಿ ಜಗಳ ಇಲ್ಲ.

ಆದರೆ ಹನ್ನೊಂದು ವರ್ಷ ಆದಮೇಲೂ ಗೋಲಿಗೆ ನಲವತ್ತರವನನ್ನೇ ನೋಡಬೇಕು ಅಂದರೆ ಆ ಕ್ಲಬ್ಬು, ಆ ಅಕಾಡೆಮಿ, ಈ ಊರಿನ ನಾವೆಲ್ಲ ಸೇರಿ ಏನು ಮಾಡಿದೆವು? ಇದನ್ನು ಬಿಎಫ್‌ಸಿ ಒಬ್ಬರ ತಲೆಗೆ ಕಟ್ಟುತ್ತಿಲ್ಲ. ಎಸ್‌ಸಿ ಬೆಂಗಳೂರು ಅಂತ ನಮ್ಮೂರಿನದೇ ತಂಡ ಕೆಳಗಿನ ಲೀಗ್ ಗೆದ್ದು 2024–25ರಲ್ಲಿ ಐ-ಲೀಗ್‌ಗೆ ಬಂತು. ನಾನು ಹೇಳಿದ ದಾರಿಯಲ್ಲೇ, ಮೆಟ್ಟಿಲು ಹತ್ತಿ. ಒಂದೇ ಸೀಸನ್, ವಾಪಸ್ ಕೆಳಗೆ. ಈ ಚರ್ಚೆಯಲ್ಲಿ ಇರುವ ಎಷ್ಟು ಜನ ಅವರ ಒಂದು ಮ್ಯಾಚ್ ನೋಡಿದಿರಿ? ನಿಜ ಹೇಳಿ.

ಹೊಸಬ_2021

ನಾನು ನೋಡಿಲ್ಲ.

ಮೆಟ್ಟಿಲು_ಸೀಟು

ಒಂದು ನೋಡಿದ್ದೇನೆ, ಅದೂ ಎರಡನೇ ಅರ್ಧ. ಅಣ್ಣ, ನೀವೇ ಹೇಳಿ, ಸೂಪರ್ ಡಿವಿಷನ್‌ನಲ್ಲಿ ಯಾವ ಮ್ಯಾಚ್ ನೋಡಬೇಕು? ಎಂಇಜಿ, ಎಎಸ್‌ಸಿ, ಕಿಕ್‌ಸ್ಟಾರ್ಟ್, ಯಾರದು ಚೆನ್ನಾಗಿರುತ್ತೆ?

ಗೌತಮಪುರ_10

ಮಿಲಿಟರಿ ತಂಡಗಳ ಮ್ಯಾಚ್‌ಗೆ ಬಾ. ಓಟ ಅಂದರೆ ಏನು ಅಂತ ಅಲ್ಲಿ ನೋಡು. ವೆಸ್ಟ್‌ವುಡ್ ಬೇಕಾಗಿಲ್ಲ.

ಹಳೇ_ಎಚ್‌ಎಎಲ್

ಆ ಮಾತು ನಿಜ. ಆದರೆ ಮಳೆಗಾಲ, ಛತ್ರಿ ತನ್ನಿ. ಮೇಲಿನ ಸಾಲಿಗೆ ನೆರಳಿಲ್ಲ.